ಬುಟ್ಟಿಯಲ್ಲಿ ಬಂದ ಶಿಧಾ

ರೋಹಿಣಿ ಸಂಶಿಯ ಬ್ಯಾಂಕಿಗೆ ವರ್ಗವಾಗಿ ಬಂದು ಹನ್ನೊಂದು ದಿನವಾಗಿತ್ತು. ಅವಳಿಗೇನೋ ಊರು ಹಿಡಿಸಿತ್ತು. ಹಿಡಿಸದಿದ್ದುದು ತುಮಕೂರು ಬಿಟ್ಟು ಜೊತೆಗೆ ಬಂದ ತಾಯಿ ಶಾಂಭವಮ್ಮನಿಗೆ. ಆಕೆ ಅರೆಹೊಟ್ಟೆ ಉಂಡು ಎದ್ದುಬಿಡುತ್ತಿದ್ದಳು.

"ವರ್ಗ ರದ್ದು ಮಾಡಿಸು. ಇಲ್ಲದಿದ್ರೆ ನಾನೊಬ್ಬಳೇ ವಾಪಸ್ ಹೋಗ್ತೀನಿ," ಎಂದಳು ಭಾನುವಾರ. "ಪಕ್ಕದ ಮನೆಯೋರು ಒಂದು ಲೋಟ ಟೀ ಕುಡಿ ಅನ್ನಲಿಲ್ಲ. ಭಿಕ್ಷೆ ಹಾಕಿದ ಹಾಗೆ ಹಿಟ್ಟು, ಬೇಳೆ ಇಟ್ಟು ಹೋಗ್ತಾರೆ."

ಅದು ಸುಳ್ಳಲ್ಲ. ಪಕ್ಕದಲ್ಲೇ ಇದ್ದ ಮನೆಯೊಡತಿ ಖೈರುನಬಿ ಬುಟ್ಟಿಯಲ್ಲಿ ಜೋಳದ ಹಿಟ್ಟು, ತೊಗರಿಬೇಳೆ, ಎಳೆ ಬದನೆಕಾಯಿ ತಂದು ಹೊಸ್ತಿಲಲ್ಲಿ ಇಟ್ಟು, "ತಗೋರಿ ಅವ್ವಾರ" ಎಂದು ನಕ್ಕು ಹೊರಟುಬಿಡುತ್ತಿದ್ದಳು. ಗೋಡೆಯಾಚೆ ದಿನವೂ ರೊಟ್ಟಿ ಬಡಿಯುವ ಸದ್ದು. ಒಂದು ರೊಟ್ಟಿಯೂ ಈಚೆ ಬರಲಿಲ್ಲ.

ತಾಯಿಯನ್ನು ಒಂಟಿಯಾಗಿ ಕಳಿಸಲು ರೋಹಿಣಿಗೆ ಮನಸ್ಸಾಗಲಿಲ್ಲ. ವರ್ಗ ರದ್ದು ಮಾಡಲು ಅರ್ಜಿ ಬರೆದು ಮಡಿಚಿಕೊಂಡು, ಖಾಲಿ ಬುಟ್ಟಿ ಹಿಡಿದು ಖೈರುನಬಿಯ ಮನೆಗೆ ಹೋದಳು. ಶಾಂಭವಮ್ಮ ಹಿಂದೆಯೇ ಬಂದಳು.

"ನಾವು ಮನೆ ಬಿಡ್ತೀವಿ," ಎಂದಳು ರೋಹಿಣಿ.

ಖೈರುನಬಿ ಒಲೆಯ ಮೇಲಿನ ರೊಟ್ಟಿ ಮರೆತಳು. "ಯಾಕ್ರಿ? ನೀರು ಕಮ್ಮಿ ಬೀಳ್ತೈತೇನ್ರಿ?"

"ನೀವು ಒಂದು ದಿನ ಒಳಗೆ ಕರೀಲಿಲ್ಲವಲ್ಲ!" ಶಾಂಭವಮ್ಮ ಅಂದೇಬಿಟ್ಟಳು.

"ಅಯ್ಯ ನನ್ನವ್ವಾ! ನಿಮ್ಮ ಕೊರಳಾಗ ಲಿಂಗ ಕಂಡ್ನಿ. ನಮ್ಮನಿ ಅಡಿಗಿ ಉಣ್ತೀರೋ ಇಲ್ಲೋ, ಕೊಟ್ಟು ಪೇಚಿಗೆ ಹಾಕಬಾರದು ಅಂತ ಶಿಧಾ ಕೊಟ್ಟೆ. ನೀವ ಮಾಡ್ಕೊಂಡು ಉಣ್ರಿ ಅಂತ ಹಸೀದ ಕೊಡೂದ್ರಿ. ನಮ್ಮತ್ತಿ ಕಾಲದಿಂದ ಹಂಗ ನಡದೈತಿ."

ಗಂಡ ಕಾಸೀಮಸಾಬ ಒಳಗಿಂದ ಕೂಗಿದ: "ನಮ್ಮ ಮಗ ಇಲಿಯಾಸ್ ದೋಹಾಕ್ಕ ಕೆಲಸಕ್ಕ ಹೋದ ದಿನ, ಬಾಜು ರೂಮಿನವ ಏನೂ ಕೇಳದ ಊಟದ ತಾಟ ತಂದು ಮುಂದಿಟ್ಟನಂತ. ನೀ ನೋಡಿದ್ರ ಹನ್ನೊಂದು ದಿನ ಹಿಟ್ಟ ಹೊತ್ತಿ!"

"ಹೊತ್ತಾಕಿ ನಾ. ನೀವು ಕುಂತ ರೊಟ್ಟಿ ಮುರದ್ರಿ, ಸುಮ್ನಿರ್ರಿ."

ಶಾಂಭವಮ್ಮನಿಗೆ ನಗು ತಡೆಯಲಾಗಲಿಲ್ಲ. "ನನಗೆ ಜೋಳದ ರೊಟ್ಟಿ ಮಾಡೋಕೇ ಬರಲ್ಲ ಕಣಮ್ಮ. ಮುದ್ದೆ ಕಟ್ಟಿ ನೋಡಿದೆ, ಕೈಬಿಟ್ಟು ಬರಲೇ ಇಲ್ಲ. ಹಿಟ್ಟೆಲ್ಲ ಡಬ್ಬಿಯಲ್ಲೇ ಇದೆ!"

"ಬರ್ರಿ, ಕುಂದರ್ರಿ. ಮೊದ್ಲ ಬಿಸೀದು ಉಣ್ರಿ. ಆಮ್ಯಾಲ ಬಡಿಯೂದು ಕಲಿಸ್ತೀನಿ."

ಅಮ್ಮ ತಾನಾಗಿಯೇ ಎರಡನೆಯ ರೊಟ್ಟಿಗೆ ಕೈ ಚಾಚಿದಾಗ, ರೋಹಿಣಿ ಮಡಿಚಿಟ್ಟಿದ್ದ ಅರ್ಜಿಯನ್ನು ಹೊರತೆಗೆದಳು. ಅದನ್ನು ಒಲೆಗೆ ಹಾಕಿದಳು.

"ಏನ್ರಿ ಅದು?" ಖೈರುನಬಿ ಕೇಳಿದಳು.

"ಬೇಡದ ಕಾಗದ," ಎಂದಳು ರೋಹಿಣಿ.

ಮರೆತು ಕಪ್ಪಾಗಿದ್ದ ರೊಟ್ಟಿ ಮಾತ್ರ ಕಾಸೀಮಸಾಬನ ತಾಟಿಗೆ ಬಿತ್ತು.