ಹನ್ನೆರಡು ಪದ್ಯದ ಅಂಟು

ಅಪ್ಪ ಅಂಟಿನ ಕೆಲಸಕ್ಕೆ ಎಂದೂ ಗಡಿಯಾರ ನೋಡಿದವರಲ್ಲ. ಮೂರು ತೆಳು ಮರದ ಹಾಳೆಗಳಿಗೆ ಅಂಟು ಬಳಿದು, ಒಂದರ ಮೇಲೊಂದು ಕೂರಿಸಿ, ಅಚ್ಚಿನ ಎರಡು ಹೋಳುಗಳ ನಡುವೆ ಬಗ್ಗಿಸಿ ಬಿಗಿದರೆ ಯುಕುಲೇಲೆ ಎಂಬ ಪುಟ್ಟ ಗಿಟಾರಿನ ಒಂದು ಪಕ್ಕೆ. ಬ್ರಷ್ ತಾಗಿದ ಗಳಿಗೆಯಿಂದ ಕೊನೆಯ ಕ್ಲ್ಯಾಂಪು ಬಿಗಿಯುವವರೆಗೆ ಹನ್ನೆರಡು ಪದ್ಯ. ಅವರು ವಾಚಿಸುತ್ತಿದ್ದರು, ನಾನು ಬಿಗಿಯುತ್ತಿದ್ದೆ.

"ಸೊಂಟ ಮೊದಲು ಹಿಡಿ ಮಗಳೇ. ಎದೆ, ಹೊಟ್ಟೆ ಎರಡೂ ತಾವೇ ದಾರಿಗೆ ಬರ್ತವೆ" ಎಂದು ಪಕ್ಕೆ ಒಳಕ್ಕೆ ಬಾಗುವ ನಡುಭಾಗ ತೋರಿಸಿ ಅನ್ನುತ್ತಿದ್ದರು.

ಕೇಳಿ ಕೇಳಿಯೇ ನನಗೂ ಬಾಯಿಗೆ ಬಂದವು. ದೇವರ ಪದ್ಯಗಳನ್ನು ಅಂಟುಗೈಯಲ್ಲಿ ಹೇಳಬಹುದೇ ಎಂದು ಒಮ್ಮೆ ಕೇಳಿದ್ದೆ. ಕೈಯಲ್ಲಿ ಕೆಲಸವಿದ್ದಾಗ ಹೇಳಿದ್ದು ಬೇಗ ತಲುಪುತ್ತದೆ ಎಂದಿದ್ದರು.

ಅಪ್ಪ ಹೋದ ಮೇಲೆ ಅಂಗಡಿ ಅಣ್ಣನದಾಯಿತು. ವಾದ್ಯದೊಳಗೆ ಅಂಟಿಸುವ ಚೀಟಿಯ ಮೇಲೆ ಅವನ ಹೆಸರು ಬಂತು. ಹದಿನೆಂಟು ವರ್ಷ ಪಕ್ಕೆ ಬಗ್ಗಿಸಿದವಳು ನಾನು. ಒಂದಾದರೂ ನನ್ನ ಹೆಸರಲ್ಲಿ ಹೊರಗೆ ಹೋಗಲಿ ಎಂದು ಕೇಳುವ ಧೈರ್ಯ ಬರಲು ಎರಡು ವರ್ಷ ಹಿಡಿಯಿತು. ಅಣ್ಣ ಒಪ್ಪಿದ. ಅಪ್ಪ ಕೈಯಾರೆ ಸೀಳಿದ ಹಾಳೆಗಳು ಇನ್ನು ಆರೇ ಉಳಿದಿದ್ದವು, ಒಂದು ಜೋಡಿ ಪಕ್ಕೆಗೆ ಸರಿಯಾಗಿ.

"ಅದನ್ನೇ ತಗೋ. ಚೀಟಿ ನಿಂದೇ ಹಾಕು" ಎಂದ.

ಆ ದಿನ ನಾನು ಅಪ್ಪನ ರಾಗದಲ್ಲೇ ಹೇಳಿದೆ. ಎಂಟನೆಯ ಪದ್ಯದ ಹೊತ್ತಿಗೆ ಹಾಳೆ ಜಾರಲು ಒಪ್ಪಲಿಲ್ಲ, ಅಂಟು ಎಳೆ ಎಳೆಯಾಗಿ ಬೆರಳು ಹಿಡಿಯಿತು. ಮನಸ್ಸು ತುಂಬಿ ಬಂದು ರಾಗ ಎಳೆದುಬಿಟ್ಟೆನೇನೋ ಅಂದುಕೊಂಡೆ. ಒಂದರ ಹಿಂದೊಂದು ಎರಡೂ ಅಚ್ಚು ಬಿಗಿದೆ.

ಮರುದಿನ ಬೆಳಿಗ್ಗೆ ಬಿಚ್ಚಿ ಗೆಣ್ಣಿನಿಂದ ತಟ್ಟಿದೆ. ಸೊಂಟದಲ್ಲಿ ಟಣ್ ಎಂದಿತು. ಎದೆಗೂ ಹೊಟ್ಟೆಗೂ ಬಂದಾಗ ಬರೀ ಪೊಳ್ಳು ಸದ್ದು. ಅಂಚಿನಲ್ಲಿ ಉಗುರು ಹೋಗುವಷ್ಟು ಹಾಳೆಗಳು ಬಾಯಿಬಿಟ್ಟಿದ್ದವು. ಇನ್ನೊಂದೂ ಹಾಗೇ.

ವಾದ್ಯ ಕೊಳ್ಳಲು ಬಂದಿದ್ದ ಸಂಗೀತದ ಮೇಡಂ ಅಲ್ಲೇ ನಿಂತಿದ್ದರು. ಅಣ್ಣ ಅವರಿಗೂ ಕೇಳುವಂತೆಯೇ ಹೇಳಿದ: "ಇದು ಅಂಟು ಹಾಕೋ ಜಾಗ ಕಣೆ, ಪುರಾಣದ ಕಟ್ಟೆಯಲ್ಲ. ನೀನು ರಾಗ ಎಳೀತಾ ನಿಂತ್ರೆ ಅಂಟು ನಿನ್ನ ಭಕ್ತಿಗೆ ಕಾಯುತ್ತಾ?"

ಮೇಡಂ ನಕ್ಕರು. ರಾಗ ಎಳೆದದ್ದು ನಿಜವಾದ್ದರಿಂದ ನಾನು ತಲೆ ತಗ್ಗಿಸಿದೆ. ಅವನೇ ನನ್ನ ಮೊಬೈಲಿನಲ್ಲಿ ಐದು ನಿಮಿಷಕ್ಕೆ ಅಲಾರಾಂ ಇಟ್ಟುಕೊಟ್ಟ. ನನ್ನ ನಿಧಾನಕ್ಕೆ ಇದು ಶಿಕ್ಷೆ ಅಂದುಕೊಂಡೆ. ಅಂದಿನಿಂದ ಬಾಯಿ ಮುಚ್ಚಿಕೊಂಡು, ಓಡಿದಂತೆ ಕೆಲಸ ಮಾಡಿದೆ.

ಮೂರು ತಿಂಗಳ ಮೇಲೆ ಒಂದು ಮಧ್ಯಾಹ್ನ, ಬಟ್ಟೆ ಒಣಹಾಕುತ್ತಿದ್ದ ಅತ್ತಿಗೆಗೆ ಕ್ಲಿಪ್ಪು ಎತ್ತಿಕೊಡುತ್ತಿದ್ದೆ. ಕ್ಲಿಪ್ಪುಗಳಿದ್ದದ್ದು ಮೇಲ್ಭಾಗ ಕತ್ತರಿಸಿದ ಅಂಟಿನ ಬಾಟಲಿಯಲ್ಲಿ. ಅದರ ಮೇಲೆ 'ಐದೇ ನಿಮಿಷದಲ್ಲಿ ಹಿಡಿತ' ಎಂದಿತ್ತು. ಇಂಥ ಅಂಟು ನಮ್ಮಲ್ಲಿ ಯಾವಾಗ ಬಂತು ಎಂದು ಕೇಳಿದೆ.

"ಅಯ್ಯೋ, ನೀನು ಅಪ್ಪನ ಹಾಳೆ ಅಂಟಿಸಿದ್ಯಲ್ಲ, ಅದರ ಹಿಂದಿನ ದಿನವೇ. ದಿನಕ್ಕೆರಡು ಜೋಡಿ ಆಗುತ್ತೆ ಅಂತ ನಿಮ್ಮಣ್ಣನೇ ಹಳೇ ಡಬ್ಬಿಗೆ ಸುರಿದ್ರು" ಎಂದವರು, ನನ್ನ ಮುಖ ನೋಡಿ ಒದ್ದೆ ಲಂಗವನ್ನು ಸುಮ್ಮನೆ ಇನ್ನೊಮ್ಮೆ ಕೊಡವಿದರು.

ಅಂಗಡಿಗೆ ಹೋಗಿ, ಅಂಟು ಬದಲಾಯಿಸಿದ್ದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅಣ್ಣ ಉಪ್ಪುಕಾಗದ ತಿಕ್ಕುತ್ತಿದ್ದ. ಕೈ ನಿಲ್ಲಿಸಲಿಲ್ಲ.

"ಹೇಳಿದ್ದೆ. ನೀನು ಪದ್ಯದಲ್ಲಿದ್ದೆ."

"ಹೇಳಿರಲಿಲ್ಲ ಅಣ್ಣ."

"ಸರಿ, ಹೇಳಿರಲಿಲ್ಲ. ಈಗೇನು? ಹಾಳೆಗೇನು ಬರಗಾಲವಾ, ಬೇರೆ ತಗೋ."

"ಅಪ್ಪ ಸೀಳಿದ್ದು?"

ಅವನು ಉಪ್ಪುಕಾಗದವನ್ನು ಮಗುಚಿ ಇನ್ನೊಂದು ಕಡೆ ತಿಕ್ಕತೊಡಗಿದ. ಆಮೇಲೆ ನನ್ನ ಸಮಾಧಾನಕ್ಕೆಂದೋ ಏನೋ, ಆ ಎರಡು ಪೊಳ್ಳು ಪಕ್ಕೆಗಳನ್ನು ಅಪ್ಪನ ನೆನಪಿಗೆ ಎಂದು ಅಂಗಡಿಯ ಗೋಡೆಗೆ ತೂಗುಹಾಕಿದ. ದೂರದಿಂದ ಚೆನ್ನಾಗಿಯೇ ಕಾಣುತ್ತಿದ್ದವು.

ಅದೇ ವಾರ ಆ ಸಂಗೀತದ ಮೇಡಂ ಇನ್ನೊಂದು ವಾದ್ಯ ಮಾಡಿಸಿಕೊಳ್ಳಲು ಮತ್ತೆ ಬಂದರು. ಗೋಡೆಯ ಮೇಲಿನದು ಏನೆಂದು ಕೇಳಿದರು. ಅವರೆದುರೇ ಅಂದು ಆಡಿದ ಮಾತು ಮರೆತವನಂತೆ ಅಣ್ಣನ ದನಿ ಮೆತ್ತಗಾಯಿತು.

"ನಮ್ಮ ತಂದೆಯವರ ಹಾಳೆ, ಮೇಡಂ. ಅವರು ಪದ್ಯ ಹೇಳ್ಕೊಂಡೇ ಅಂಟು ಹಾಕ್ತಿದ್ರು. ನಾವು ಈಗಲೂ ಅದನ್ನ ಬಿಟ್ಟಿಲ್ಲ." ನನ್ನತ್ತ ತಿರುಗಿದ. "ಇವರ ವಾದ್ಯಕ್ಕೆ ಪಕ್ಕೆ ಈಗಲೇ ಶುರು ಮಾಡು. ಜೊತೆಗೆ ಒಂದು ಪದ್ಯ ಹೇಳಮ್ಮ, ಕೇಳಲಿ."

ಹಾಳೆಗೆ ಅಂಟು ಬಳಿಯುತ್ತಾ "ಮರೆತುಹೋಗಿದೆ" ಎಂದೆ.

ದೇವರ ಪದ್ಯದ ಬಗ್ಗೆ ನಾನು ಹೇಳಿದ ಮೊದಲ ಸುಳ್ಳು ಅದು. ಅಣ್ಣ ನಕ್ಕು, ಅವಳಿಗೆ ನಾಚಿಕೆ ಎಂದು ಮಾತು ತೇಲಿಸಿ, ಮೇಡಂಗೆ ಚೀಟಿಯ ಮೇಲಿನ ತನ್ನ ಹೆಸರು ತೋರಿಸತೊಡಗಿದ.

ನಾನು ಸೊಂಟವನ್ನು ಮೊದಲು ಹಿಡಿದೆ. ಒಳಗೊಳಗೇ ಪದ್ಯ ಶುರುಮಾಡಿದೆ, ಅಪ್ಪನ ರಾಗದಲ್ಲಿ. ಆರನೆಯದು ಮುಗಿಯುವಾಗ ಅಲಾರಾಂ ಹೊಡೆದುಕೊಂಡಿತು. ಅದನ್ನು ಆರಿಸಿದೆ. ಅಂಟು ಎಳೆ ಎಳೆಯಾಗಿ ಬೆರಳು ಹಿಡಿಯುತ್ತಿತ್ತು. ಏಳನೆಯದು ಹೇಳಿದೆ, ಎಂಟನೆಯದು ಹೇಳಿದೆ, ಒಂದಕ್ಷರ ನುಂಗಲಿಲ್ಲ. ಹನ್ನೆರಡೂ ಮುಗಿದ ಮೇಲೆಯೇ ಕೊನೆಯ ಕ್ಲ್ಯಾಂಪು ತಿರುಗಿಸಿದೆ.