ಬೀಪ್ ಕೇಳಿದಾಗ ಒತ್ತಿ

ಆಸ್ಪತ್ರೆಯ ಎರಡನೇ ಮಹಡಿಯ ಮೂಲೆಯಲ್ಲಿ ಕಿವಿ ಪರೀಕ್ಷೆಯ ಕೋಣೆ. ಆ ಕೋಣೆಯೊಳಗೆ ಇನ್ನೊಂದು ಪುಟ್ಟ ಕೋಣೆ: ದಪ್ಪ ಬಾಗಿಲು, ಗೋಡೆಗೆಲ್ಲ ಸ್ಪಂಜಿನ ಮೆತ್ತೆ, ಎರಡು ಪದರದ ಗಾಜಿನ ಕಿಟಕಿ. ಒಳಗೆ ಕೂತವರಿಗೆ ತಾವು ಉಗುಳು ನುಂಗಿದ ಸದ್ದೂ ಕೇಳಿಸುತ್ತದೆ. ಹೊರಗೆ ಯಂತ್ರದ ಮುಂದೆ ಕೂರುವವಳನ್ನು ಇಡೀ ಆಸ್ಪತ್ರೆ ‘ಬೀಪ್ ಮೇಡಂ’ ಎನ್ನುತ್ತಿತ್ತು. ಎದುರಿಗೂ ಹಾಗೇ ಕರೆಯುತ್ತಿದ್ದರು. ಅವಳೂ ಓಗೊಡುತ್ತಿದ್ದಳು.

“ಇದು ಕಿವಿಗೆ ಹಾಕ್ಕೊಳ್ಳಿ. ಬೀಪ್ ಅಂತ ಕೇಳುತ್ತೆ. ಎಷ್ಟೇ ಸಣ್ಣಗೆ ಕೇಳಿದ್ರೂ ಸರಿ, ಈ ಬಟನ್ ಒತ್ತಿ.”

ಇಪ್ಪತ್ತನಾಲ್ಕು ವರ್ಷದಲ್ಲಿ ಈ ಮಾತನ್ನು ಅವಳು ನಲವತ್ತು ಸಾವಿರ ಸಲವಾದರೂ ಹೇಳಿರಬೇಕು. ಬೀಪ್ ಎಂಬ ಪದವನ್ನು ಎಲ್ಲರೂ ಒಂದೇ ರೀತಿ ಕೇಳಿಸಿಕೊಳ್ಳುವುದಿಲ್ಲ ಎಂಬುದು ಅವಳಿಗೆ ಬೇಗ ಗೊತ್ತಾಗಿತ್ತು. ಲಾರಿ ಡ್ರೈವರೊಬ್ಬ, “ರಿವರ್ಸ್ ತಗೊಂಡಾಗ ಹೊಡ್ಕೊಳ್ಳುತ್ತಲ್ಲ, ಅದಾ?” ಎಂದಿದ್ದ. ಶಾಲೆಯ ಹುಡುಗಿಯೊಬ್ಬಳು ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಅವಳಿಗೆ ಬೀಪ್ ಎಂದರೆ ಟೀವಿಯಲ್ಲಿ ಕೆಟ್ಟ ಬೈಗುಳವನ್ನು ಮುಚ್ಚುವ ಸದ್ದು. ಹಲ್ಲಿಲ್ಲದ ಅಜ್ಜನೊಬ್ಬ, “ಬೀಪು ಗೀಪು ನಂಗೊತ್ತಿಲ್ಲಮ್ಮ, ಕುಂಯ್ ಅಂದ್ರೆ ಒತ್ತಲಾ?” ಎಂದು ಕೇಳಿದ್ದ.

“ಒತ್ತಿ ತಾತ. ಕುಂಯ್ ಅಂದ್ರೂ ಒತ್ತಿ, ಕೀಂ ಅಂದ್ರೂ ಒತ್ತಿ.”

ಒಬ್ಬ ಹೆಂಗಸು ಮಾತ್ರ ಆ ಪದ ಕೇಳಿದ್ದೇ ತಡ ಕಿವಿಯಿಂದ ಎಲ್ಲವನ್ನೂ ಕಿತ್ತು ಕೈಗೆ ಕೊಟ್ಟಿದ್ದಳು. “ಅದೊಂದು ಬೇಡ ಕಣಮ್ಮ. ನಮ್ಮೆಜಮಾನ್ರು ಐಸಿಯೂಲಿ ಮಲಗಿದ್ದಾಗ ಹನ್ನೆರಡು ದಿನ ಪಕ್ಕದಲ್ಲಿ ಕೂತು ಅದನ್ನೇ ಕೇಳಿದೀನಿ. ಬೇರೆ ಏನಾದ್ರೂ ಕೊಡು.” ಆಕೆಗೆ ಯಂತ್ರದ ಇನ್ನೊಂದು ಗುಂಡಿ ಒತ್ತಿ, ನಡುಗುತ್ತಾ ಬರುವ, ಹಕ್ಕಿಯ ಉಲಿಯಂಥ ಸ್ವರವನ್ನು ಕೊಟ್ಟು ಪರೀಕ್ಷೆ ಮುಗಿಸಿದ್ದಳು.

ಅವಳ ಪಾಲಿಗೆ ಬೀಪ್ ಏನು ಎಂದು ಯಾರೂ ಕೇಳಿರಲಿಲ್ಲ. ಅವಳದು ಎರಡು ಕೋಣೆಯ ಬಾಡಿಗೆ ಮನೆ, ಒಂದು ಮಂಚ, ಒಂದು ಕುರ್ಚಿ. ಇದ್ದೊಬ್ಬ ತಂಗಿ ದೂರದಲ್ಲಿ; ತಿಂಗಳಿಗೊಮ್ಮೆ ಫೋನ್ ಮಾಡಿ “ಊಟ ಆಯ್ತಾ ಅಕ್ಕಾ” ಎಂದು ಶುರುಮಾಡಿ ಐದು ನಿಮಿಷದಲ್ಲಿ “ಇಡ್ತೀನಿ ಅಕ್ಕಾ” ಎನ್ನುತ್ತಿದ್ದಳು. ಭಾನುವಾರ ಇಡೀ ದಿನ ಬಾಯಿ ಬಿಡುವ ಪ್ರಮೇಯವೇ ಬರುತ್ತಿರಲಿಲ್ಲ. ಸೋಮವಾರ ಬೆಳಗ್ಗೆ ಮೊದಲ ರೋಗಿಯ ಮುಂದೆ ಗಂಟಲು ಕೆರೆದುಕೊಂಡೇ ಮಾತು ಹೊರಡಬೇಕು. ಆದರೆ ಯಂತ್ರದ ಮುಂದೆ ಕೂತು ಅವಳು ಒಂದು ಸ್ವರ ಕಳಿಸಿದರೆ ಗಾಜಿನ ಆಚೆಯಿಂದ ಯಾರೋ ಬಟನ್ ಒತ್ತುತ್ತಿದ್ದರು, ಈಚೆ ಹಸಿರು ದೀಪ ಹತ್ತುತ್ತಿತ್ತು. ಅವಳು ಕೇಳಿದಷ್ಟು ಸಲವೂ ಉತ್ತರ ಬರುವ ಜಾಗ ಇದೊಂದೇ.

ಆ ಕೋಣೆಗೊಂದು ನೇಮವಿತ್ತು. ದಿನಾ ಬೆಳಗ್ಗೆ ಮೊದಲ ರೋಗಿ ಬರುವ ಮುನ್ನ ಅವಳೇ ಇಯರ್‌ಫೋನ್ ಹಾಕಿಕೊಂಡು, ಕೆಂಪು ಬಲಕ್ಕೆ, ನೀಲಿ ಎಡಕ್ಕೆ, ಒಂದೊಂದು ಸ್ವರವನ್ನೂ ಸಣ್ಣದಾಗಿ ಕೇಳಿ ನೋಡಬೇಕು. ಯಂತ್ರ ಸರಿಯಿದೆಯೋ ಇಲ್ಲವೋ ತಿಳಿಯುವುದಕ್ಕೆ ಬೇರೆ ಸುಲಭದ ದಾರಿಯಿಲ್ಲ. ಚೆನ್ನಾಗಿ ಗೊತ್ತಿರುವ ಒಂದು ಜೊತೆ ಕಿವಿಯೇ ಅಳತೆಗೋಲು. ಒಂದು ಮಂಗಳವಾರ ನೀಲಿ ಕಡೆ ಆರು ಸಾವಿರದ ಸ್ವರ, ಅಂದರೆ ತೀರಾ ಮೇಲಿನ ಚೂಪು ಸ್ವರ, ಕೇಳಲಿಲ್ಲ. ಸದ್ದು ಏರಿಸುತ್ತಾ ಹೋದಳು. ಇಪ್ಪತ್ತೈದು ಡೆಸಿಬೆಲ್ ಹೆಚ್ಚು ಕೊಟ್ಟ ಮೇಲೆ ಎಲ್ಲೋ ಸೂಜಿ ಬಿದ್ದ ಹಾಗೆ ಕೇಳಿತು.

‘ಎಡ ಇಯರ್‌ಫೋನ್ ಸೊರಗಿದೆ’ ಎಂದು ಪುಸ್ತಕದಲ್ಲಿ ಬರೆದು ರಿಪೇರಿಗೆ ಹೇಳಿಕಳಿಸಿದಳು. ಬರುವುದಕ್ಕೆ ಹನ್ನೊಂದು ದಿನ ಎಂದರು. ಹೊರಗೆ ಬೆಂಚಿನ ತುಂಬ ಜನ. ಅವಳು ಒಂದು ಚೀಟಿ ಬರೆದು ಯಂತ್ರಕ್ಕೆ ಅಂಟಿಸಿದಳು: ‘ಎಡ, ೬೦೦೦ – ೨೫ ಕಳೆ.’ ಇಯರ್‌ಫೋನ್ ಅಷ್ಟು ಕಡಿಮೆ ಸದ್ದು ಕೊಡುತ್ತಿದ್ದರೆ, ರೋಗಿಯ ಲೆಕ್ಕದಿಂದ ಅಷ್ಟನ್ನು ಕಳೆಯುವುದು ನ್ಯಾಯವೇ.

ಆ ಹನ್ನೊಂದು ದಿನದಲ್ಲಿ ಬಂದವರಲ್ಲಿ ಕಬ್ಬಿಣ ಉಜ್ಜುವ ಗ್ರೈಂಡರ್ ಮೇಲೆ ಕೆಲಸ ಮಾಡುವವನೊಬ್ಬನಿದ್ದ. ಕಾರ್ಖಾನೆಯವರು ಕಿವಿ ಸರಿಯಿದೆಯೆಂಬ ಚೀಟಿ ತರಲು ಕಳಿಸಿದ್ದರು.

“ನಮ್ಮನೇಲಿ ಬೈಯೋದು ಮಾತ್ರ ಕೇಳ್ಸಲ್ಲ ಮೇಡಂ, ಬಾಕಿ ಎಲ್ಲ ಕೇಳುತ್ತೆ,” ಎಂದ.

“ಅದಕ್ಕೆ ನನ್ನ ಹತ್ರ ಮೆಷಿನ್ ಇಲ್ಲ.”

“ಇದ್ರೂ ಬೇಡ ಬಿಡಿ. ಆದ್ರೆ ಮಲಗಿದಾಗ ಎಡಗಡೆ ಒಂಥರಾ ಕೀ ಅಂತಿರುತ್ತೆ.”

ಅವನ ಎಡಗಿವಿ ಆರು ಸಾವಿರದಲ್ಲಿ ನಲವತ್ತೈದಕ್ಕೆ ಕೇಳಿತು. ಅವಳು ಇಪ್ಪತ್ತೈದು ಕಳೆದು ಇಪ್ಪತ್ತೆಂದು ಗುರುತು ಹಾಕಿದಳು. ಇಪ್ಪತ್ತೈದರವರೆಗೆ ಕಿವಿ ಸರಿಯೆಂದೇ ಲೆಕ್ಕ; ಚೀಟಿಯಲ್ಲಿ ಬರೆದಳು: ಸರಿಯಿದೆ. ಅವನು ಕೈ ಮುಗಿದು ಹೋದ.

ಹನ್ನೆರಡನೆಯ ದಿನ ರಿಪೇರಿಯ ಮೀಟರ್ ಸಾರ್ ಬಂದರು. ಹದಿನೈದು ವರ್ಷದಿಂದ ಆ ಯಂತ್ರದ ಹೊಟ್ಟೆ ಬಗೆದು ನೋಡುತ್ತಿದ್ದ ಮನುಷ್ಯ. ನೀಲಿ ಇಯರ್‌ಫೋನನ್ನು ತಮ್ಮ ಮೀಟರಿಗೆ ಸಿಕ್ಕಿಸಿ ಮುಳ್ಳು ನೋಡಿದರು. ಎರಡನೇ ಸಲ ನೋಡಿದರು.

“ಯಂತ್ರ ಕಲ್ಲುಗುಂಡಿನ ಹಾಗಿದೆ ಮೇಡಂ.”

“ಕೇಬಲ್ ಅಲ್ಲಾಡ್ಸಿ ನೋಡಿ. ನಿಮ್ಮ ಮೀಟರ್‌ಗೇ ವಯಸ್ಸಾಗಿರ್ಬೇಕು.”

“ಮೀಟರ್‌ಗೆ ಹೋದ ತಿಂಗಳು ಸರ್ಟಿಫಿಕೇಟ್ ಆಗಿದೆ, ವಯಸ್ಸಾಗಿರೋದು ನನಗೆ,” ಎಂದು ನಕ್ಕು ಕೇಬಲನ್ನೂ ಅಲ್ಲಾಡಿಸಿದರು. ಮುಳ್ಳು ಕದಲಲಿಲ್ಲ. ಆಮೇಲೆ, ಏನೋ ಮಾಮೂಲಿ ಮಾತೆಂಬಂತೆ, “ಉಲ್ಟಾ ಹಾಕ್ಕೊಂಡು ಒಂದ್ಸಲ ಕೇಳಿ,” ಎಂದರು.

ಕೆಂಪು ಎಡಕ್ಕೆ, ನೀಲಿ ಬಲಕ್ಕೆ. ಹೊಸದಾಗಿ ಕಲಿಯಲು ಬಂದ ಪ್ರತಿಯೊಬ್ಬರಿಗೂ ಅವಳೇ ಹೇಳಿಕೊಟ್ಟಿದ್ದ ಮೊದಲ ಪಾಠ. ಅದಲುಬದಲು ಮಾಡಿದಾಗ ದೋಷ ಇಯರ್‌ಫೋನಿನ ಜೊತೆ ಹೋದರೆ ಯಂತ್ರದ್ದು, ಇದ್ದಲ್ಲೇ ಇದ್ದರೆ ಕಿವಿಯದ್ದು. ಹನ್ನೊಂದು ದಿನ ಅವಳಿಗೆ ಅದು ಹೊಳೆದಿರಲಿಲ್ಲ. ಹಾಕಿಕೊಂಡಳು. ಬಲಗಿವಿಯಲ್ಲಿ ನೀಲಿಯ ಆರು ಸಾವಿರ ನೀರಿನಷ್ಟು ತಿಳಿಯಾಗಿತ್ತು. ಎಡಗಿವಿಯಲ್ಲಿ ಕೆಂಪು ಏನನ್ನೂ ಹೇಳಲಿಲ್ಲ.

ಮೀಟರ್ ಸಾರ್ ವೈರು ಸುತ್ತುವುದರಲ್ಲಿ ಮಗ್ನರಾದರು.

“ನನ್ನನ್ನ ಒಳಗೆ ಕೂರ್ಸಿ ಸರಿಯಾಗಿ ನೋಡಿ ಸಾರ್,” ಎಂದಳು.

ದಪ್ಪ ಬಾಗಿಲು ಮುಚ್ಚಿತು. ಅಷ್ಟು ವರ್ಷದಲ್ಲಿ ಬಟನ್ ಹಿಡಿದು ಒಳಗೆ ಕೂತಿದ್ದು ಅದೇ ಮೊದಲು. ಎದೆ ಬಡಿತ ಕಿವಿಯಲ್ಲೇ ಕೇಳುತ್ತಿತ್ತು. ಸ್ವರ ಬಿಡುವ ತಾಳ ಅವಳಿಗೆ ಬಾಯಿಪಾಠ. ಒಂದು ಬಿಟ್ಟು, ತುಸು ತಡೆದು, ಇನ್ನೊಂದು. ಕೇಳದೆಯೂ ಹೆಚ್ಚುಕಡಿಮೆ ಸರಿಯಾಗಿ ಒತ್ತಬಲ್ಲಳು. ಸಾಲದ್ದಕ್ಕೆ ಗಾಜಿನಾಚೆ ಮೀಟರ್ ಸಾರ್ ಪ್ರತಿ ಸ್ವರ ಬಿಡುವಾಗಲೂ ಮೊಣಕೈಯನ್ನು ಬೇಕಾದ್ದಕ್ಕಿಂತ ಹೆಚ್ಚು ಎತ್ತುತ್ತಿದ್ದರು. ಮೊದಲು ಅಭ್ಯಾಸವಿಲ್ಲದ ಕೈ ಎಂದುಕೊಂಡಳು. ಮೂರನೇ ಸಲಕ್ಕೆ ಅರ್ಥವಾಯಿತು: ಅವರು ಸನ್ನೆ ಕೊಡುತ್ತಿದ್ದರು. ಒತ್ತಿದರೆ ಕಾಗದದ ಮೇಲೆ ಕಿವಿ ಸರಿ, ಕೋಣೆ ಅವಳದು, ನಾಳೆಯೂ ಹಸಿರು ದೀಪ.

ಹೆಬ್ಬೆರಳು ಬಟನ್ನಿನ ಮೇಲೇ ಇತ್ತು. ಎದ್ದು ಕುರ್ಚಿಯನ್ನು ತಿರುಗಿಸಿ, ಗಾಜಿಗೆ ಬೆನ್ನು ಹಾಕಿ ಕೂತಳು. ಮುಂದೆ ಸ್ಪಂಜಿನ ಗೋಡೆಯಿತ್ತು. ಬಹಳ ಹೊತ್ತು ಬೇರೇನೂ ಇರಲಿಲ್ಲ.

ಬಾಗಿಲು ತೆಗೆದು ಮೀಟರ್ ಸಾರ್, “ನಲವತ್ತೈದು,” ಎಂದರು. ಪೆನ್ನು ತೆಗೆದು, “ಕೇಬಲ್ ಹೋಗಿತ್ತು, ಬದಲಾಯ್ಸಿದೆ ಅಂತ ಬರೀತೀನಿ ಮೇಡಂ. ಯಾರಿಗೆ ಗೊತ್ತಾಗುತ್ತೆ?”

“ನಲವತ್ತೊಂಬತ್ತು ಜನಕ್ಕೆ ಗೊತ್ತಾಗ್ಬೇಕಲ್ಲ ಸಾರ್. ಎಲ್ಲರದ್ದೂ ಇಪ್ಪತ್ತೈದು ಕಳೆದು ಬರ್ದಿದೀನಿ.”

ಅವರು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡರು.

ಕಿವಿ ಡಾಕ್ಟರು ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಅವಳು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು ಹಣೆ ಉಜ್ಜಿಕೊಂಡರು. “ಯಂತ್ರ ನೋಡೋ ಕಿವಿ ಸರಿಯಿರ್ಲೇಬೇಕು, ನಿಮಗೆ ನಾನೇನು ಹೇಳೋದು. ನಾಳೆಯಿಂದ ಆ ಕೋಣೆಗೆ ಬೇರೆಯವರನ್ನ ಹಾಕ್ತೀನಿ. ನೀವು ಕೆಳಗೆ ಫೈಲುಗಳ ಕಡೆ…”

“ಗೊತ್ತು ಡಾಕ್ಟ್ರೇ. ಅದಕ್ಕೆ ಮುಂಚೆ ನಲವತ್ತೊಂಬತ್ತು ಜನಕ್ಕೂ ನಾನೇ ಫೋನ್ ಮಾಡ್ತೀನಿ.”

ಮೊದಲು ಗ್ರೈಂಡರಿನವನ ನಂಬರು ಒತ್ತಿದಳು. ಫೋನ್ ಎತ್ತಿದ ಕೂಡಲೇ ಕಬ್ಬಿಣ ಕಿರುಚುವ ಸದ್ದು ಒಳನುಗ್ಗಿತು.

“ಯಾರು? ಜೋರಾಗಿ ಹೇಳ್ರೀ!”

“ಆಸ್ಪತ್ರೆಯಿಂದ, ಬೀಪ್ ಮೇಡಂ. ಅಲ್ಲಿಂದ ಹೊರಗೆ ಬನ್ನಿ ಮೊದ್ಲು.”

ಸದ್ದು ದೂರವಾಯಿತು. ಅವಳು ಸುತ್ತುಬಳಸದೆ ಹೇಳಿದಳು: ಚೀಟಿ ತಪ್ಪು, ಎಡಗಿವಿಗೆ ಪೆಟ್ಟಾಗಿದೆ, ಗ್ರೈಂಡರಿನ ಹತ್ತಿರ ನಿಲ್ಲಬಾರದು, ಮತ್ತೆ ಪರೀಕ್ಷೆಯಾಗಬೇಕು.

“ಸರಿಯಿದೆ ಅಂತ ನೀವೇ ಬರ್ದುಕೊಟ್ರಲ್ಲ?” ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

“ನಾನೇ ಬರ್ದಿದ್ದು. ನನ್ನ ಕಿವೀನೂ ಹೋಗಿದೆ. ಅದು ಗೊತ್ತಾಗದೆ ಮೆಷಿನ್ ಮೇಲೆ ತಪ್ಪು ಹೊರಿಸಿದ್ದೆ.”

ಬೈಯುತ್ತಾನೆ ಎಂದು ಕಾದಳು.

“ನಿಮಗೂ ಮಲಗಿದಾಗ ಕೀ ಅನ್ನುತ್ತಾ?” ಎಂದು ಕೇಳಿದ.

“ಇಲ್ಲ. ನನ್ನ ಮನೇಲಿ ಏನೂ ಅನ್ನಲ್ಲ.”

“ಹಾಂ.” “ನಾಳೆ ಎಷ್ಟೊತ್ತಿಗೆ ಬರ್ಲಿ?”

“ಒಂಬತ್ತಕ್ಕೆ. ಪರೀಕ್ಷೆ ಬೇರೆಯವರು ಮಾಡ್ತಾರೆ.”

“ನೀವಿರಲ್ವಾ?”

“ಹೊರಗೆ ಬೆಂಚಲ್ಲಿ ಕೂತಿರ್ತೀನಿ. ನಂದೂ ಮತ್ತೆ ಆಗ್ಬೇಕು.”

ಫೋನ್ ಇಟ್ಟು, ಪಟ್ಟಿಯಲ್ಲಿ ಅವನ ಮುಂದೆ ಸಣ್ಣ ಗೆರೆ ಎಳೆದಳು. ಯಂತ್ರದ ಮೇಲಿನ ಚೀಟಿಯನ್ನು ಕಿತ್ತಳು. ಗೋಂದು ಒಣಗಿದ್ದರಿಂದ ಅರ್ಧ ಮಾತ್ರ ಬಂತು, ಉಳಿದದ್ದನ್ನು ಉಗುರಿನಿಂದ ಕೆರೆದಳು. ಆಮೇಲೆ ಎರಡನೇ ನಂಬರು ಒತ್ತಿದಳು.