ಕಟಕಟ, ಗಡಗಡ

ನನ್ನ ಕಿವಿ ಹೋಗಿ ಎರಡು ವರ್ಷವಾಯಿತು. ಇದು ಗೊತ್ತಿರುವುದು ಹೆಂಡತಿಯೊಬ್ಬಳಿಗೇ. ಗಾಡಿಯ ಮುಂಭಾಗದಲ್ಲಿ ಸದ್ದು ಬಂದರೆ ಅದರ ಮೂಲ ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಪಿಕಪ್ ಓಡಿಸುವವರೆಲ್ಲ ನಂಬಿದ್ದಾರೆ. ಕಿವುಡ ಮೆಕ್ಯಾನಿಕ್ ಎಂದು ಗೊತ್ತಾದ ದಿನ ಶೆಡ್ಡಿನ ಬಾಗಿಲು ತೆರೆಯುವ ಅಗತ್ಯವೇ ಇರುವುದಿಲ್ಲ.

ಸದ್ದಿಗೊಂದು ಪದ, ಪದಕ್ಕೊಂದು ಕಾಯಿಲೆ. ಕಿರ್ ಎಂದರೆ ರಬ್ಬರ್ ಬುಷ್ ಒಣಗಿದೆ. ಕಟಕಟ ಎಂದರೆ ಸ್ಟೆಬಿಲೈಸರ್ ಲಿಂಕ್; ಗೇಣುದ್ದದ ಸರಳು, ಸವೆದರೂ ಪ್ರಾಣಕ್ಕೆ ಸಂಚಕಾರವಿಲ್ಲ. ಗಡಗಡ ಎಂದರೆ ಚಕ್ರವನ್ನು ಗಾಡಿಗೆ ಹಿಡಿದಿಡುವ ಬಾಲ್ ಜಾಯಿಂಟ್. ಅದು ಕಳಚಿಕೊಂಡರೆ ಚಕ್ರ ಒಂದು ದಿಕ್ಕು, ಗಾಡಿ ಒಂದು ದಿಕ್ಕು.

ಟ್ರಯಲ್‌ಗೆ ಹೋಗುವಾಗ ಹೆಂಡತಿಯೂ ಹತ್ತುತ್ತಾಳೆ. ಅವಳು ಪದ ಹೇಳುತ್ತಾಳೆ, ನಾನು ತುಟಿ ಓದುತ್ತೇನೆ. ಜೊತೆಗೆ ನನ್ನ ಮೊಣಕಾಲಿನ ಮೇಲೆ ಅವಳ ಕೈ: ಬೆರಳು ತಟ್ಟಿದರೆ ಹಗುರ ಸದ್ದು, ಮುಷ್ಟಿ ಗುದ್ದಿದರೆ ಭಾರದ್ದು. ನೋಡಿದವರು ನಗುತ್ತಾರೆ. “ಇನ್ನೂ ಹೊಸ ಮದುಮಕ್ಕಳು ಇವರು!”

ಆ ಬೆಳಿಗ್ಗೆ ಬಂದವನು ಅವಳ ತಮ್ಮ. ಮೊಟ್ಟೆ ಸಾಗಿಸುತ್ತಾನೆ. ಎಲ್ಲರೂ ಅವನನ್ನು ಅವಸರಪ್ಪ ಎನ್ನುತ್ತಾರೆ. ಬಾಯಿ ಅಗಲಿಸಿ ಮಾತಾಡುವವನಾದ್ದರಿಂದ ಓದುವುದು ಸುಲಭ.

“ಭಾವ, ಮುಂದ್ಗಡೆ ಏನೋ ಗೋಳಾಡ್ತಿದೆ. ಬೇಗ ನೋಡಿ. ತಡ ಆದ್ರೆ ಗುಡ್ಡದಾಚೆ ಮೊಟ್ಟೆ ಬದ್ಲು ಮರಿ ಇಳಿಸ್ಬೇಕಾಗುತ್ತೆ.”

ಅವನೇ ಓಡಿಸಿದ. ನಾನು ಕಿಟಕಿಯ ಕಡೆ, ಅವಳು ನಡುವೆ. ಹಿಂದೆ ಜಾಗ ಸಾಲದೆ ಉಳಿದಿದ್ದ ಒಂದು ಟ್ರೇ ಮೊಟ್ಟೆಯನ್ನು ಅವಳ ತೊಡೆಯ ಮೇಲಿಟ್ಟಿದ್ದ.

“ಅಕ್ಕ, ಎರಡೂ ಕೈಲಿ ಹಿಡ್ಕೋ. ಒಂದು ಒಡೆದ್ರೂ ಮಿಕ್ಕಿದ್ದನ್ನ ನಿನ್ನ ಗಂಡನ ತಲೆ ಮೇಲೆ ಒಡೀತೀನಿ.”

ರಸ್ತೆಯ ಉಬ್ಬು ಹತ್ತಿ ಇಳಿದೆವು. ಅಂಗಾಲಿಗೆ ಸಣ್ಣ ನಡುಕ ಬಂತು. ಅವಳ ಮುಖ ನೋಡಿದೆ. ತುಟಿಗಳು ಹೇಳಿದವು: ಕಟಕಟ.

ಶೆಡ್ಡಿಗೆ ಬಂದು ಜಾಕ್ ಹಾಕಿದೆ. ಜಾಕನ್ನು ಚಕ್ರದ ಪಕ್ಕದ ಕೆಳಗಿನ ಆರ್ಮ್‌ಗೆ ಕೊಟ್ಟು ಎತ್ತಿ, ಸಲಾಕೆಯಿಂದ ಮೀಟಿದರೆ ಬಾಲ್ ಜಾಯಿಂಟಿನ ಸಡಿಲ ಕೈಗೆ ತಿಳಿಯುತ್ತದೆ. ಗಾಡಿಯ ಚೌಕಟ್ಟಾದ ಚಾಸಿಗೆ ಕೊಟ್ಟು ಎತ್ತಿದರೆ ಸ್ಪ್ರಿಂಗ್ ಅದನ್ನು ಬಿಗಿದು ಹಿಡಿದು ಸಡಿಲವನ್ನು ಮುಚ್ಚಿಡುತ್ತದೆ. ಇದನ್ನು ನಾನೇ ಹತ್ತು ಜನಕ್ಕೆ ಕಲಿಸಿದ್ದೇನೆ. ಆದರೂ ಚಾಸಿಗೆ ಕೊಟ್ಟೆ. ಪದ ಸಿಕ್ಕಿತ್ತಲ್ಲ, ಮತ್ತೇನು ಹುಡುಕುವುದು? ಲಿಂಕೂ ಸ್ವಲ್ಪ ಸವೆದಿತ್ತು. ಹೊಸದು ಹಾಕಿದೆ.

ಅವಳು ಟ್ರೇಯನ್ನು ಬೆಂಚಿನ ಮೇಲಿಟ್ಟು ಕೈ ತೊಳೆಯಲು ಒಳಗೆ ಹೋಗಿದ್ದಳು. ಅವಸರಪ್ಪ ಬಂಪರ್ ಹಿಡಿದು ಗಾಡಿ ಕುಲುಕಿದ. “ಭಾವ, ಒಂದ್ಸಲ ಕೇಳಿ.”

ಬಗ್ಗಿದೆ. ಕಿವಿಯನ್ನು ಚಕ್ರದ ಕಡೆ ವಾಲಿಸಿ ಕಣ್ಣು ಮುಚ್ಚಿದೆ, ಕಿವಿಯಿದ್ದ ಕಾಲದಲ್ಲಿ ಮಾಡುತ್ತಿದ್ದ ಹಾಗೆಯೇ.

“ಹೋಯ್ತು,” ಅಂದೆ.

“ಈ ಕಿವಿಗೆ ಚಿನ್ನದ ಓಲೆ ಮಾಡಿಸ್ಬೇಕು ಭಾವ!” ಎಂದು ಹತ್ತಿ ಹೊರಟೇಹೋದ. ಟ್ರೇ ಬೆಂಚಿನ ಮೇಲೇ ಉಳಿಯಿತು.

ಮುಕ್ಕಾಲು ಗಂಟೆಯ ಮೇಲೆ ಅವಳು ಟೀ ತಂದಿಟ್ಟು, ಬಿಚ್ಚಿದ್ದ ಲಿಂಕನ್ನು ಎತ್ತಿ ನೋಡಿದಳು.

“ರೀ, ಇಷ್ಟುದ್ದದ್ದು ಅಷ್ಟು ದೊಡ್ಡ ಸದ್ದು ಮಾಡ್ತಿತ್ತಾ?”

“ಎಷ್ಟು ದೊಡ್ಡದು? ಕಟಕಟ ಅಂದೆಯಲ್ಲ.”

ಅವಳು ಅಲ್ಲವೆಂದು ತಲೆಯಾಡಿಸಿ ಮತ್ತೆ ಹೇಳಿದಳು. ತುಟಿಯಲ್ಲಿ ಅದೇ ಪದ. ನನ್ನ ಮುಖ ನೋಡಿ ಅವಳಿಗೆ ಏನನ್ನಿಸಿತೋ, ಮುಷ್ಟಿ ಬಿಗಿದು ಬೆಂಚಿಗೆ ಗುದ್ದಿದಳು. ಒಂದು ಸಲ, ಎರಡು ಸಲ. ಬೆಂಚಿನ ಮೇಲಿದ್ದ ನನ್ನ ಅಂಗೈಗೆ ಬಂತು. ಗಡಗಡ.

ಕ, ಗ ಎರಡೂ ಗಂಟಲಿನ ಬುಡದಲ್ಲಿ ಹುಟ್ಟುತ್ತವೆ. ಟ, ಡ ಎರಡಕ್ಕೂ ನಾಲಿಗೆ ಒಂದೇ ಕಡೆ ಮಡಚುತ್ತದೆ. ಹೊರಗಿನಿಂದ ನೋಡುವವನಿಗೆ ಲಿಂಕೂ ಒಂದೇ, ಬಾಲ್ ಜಾಯಿಂಟೂ ಒಂದೇ. ಎರಡು ವರ್ಷ ನಾನು ಓದುತ್ತಿದ್ದದ್ದು ಅವಳ ತುಟಿಯನ್ನಲ್ಲ, ಕೈಯನ್ನು. ಆ ಕೈಗಳಲ್ಲಿ ಅಂದು ಮೊಟ್ಟೆಯಿತ್ತು.

“ಫೋನ್ ಮಾಡು,” ಎಂದು ಕಿರುಚಿದೆನೋ ಪಿಸುಗುಟ್ಟಿದೆನೋ ನನಗೇ ತಿಳಿಯಲಿಲ್ಲ. “ಎಲ್ಲಿದ್ರೆ ಅಲ್ಲೇ ನಿಲ್ಸು ಅನ್ನು. ಗುಡ್ಡ ಇಳೀಬೇಡ ಅನ್ನು.”

ಇಳಿಜಾರು ಶುರುವಾಗುವ ತಿರುವಿಗೆ ಇಲ್ಲಿಂದ ಅರ್ಧ ಗಂಟೆ. ಅವಸರಪ್ಪನಿಗೆ ಅಷ್ಟೂ ಬೇಡ.

ಮೊದಲ ಸಲ ಎತ್ತಲಿಲ್ಲ. ಎರಡನೇ ಸಲವೂ ಇಲ್ಲ. ಅವಳು ಫೋನನ್ನು ಕಿವಿಗೆ ಒತ್ತಿ ನಿಂತಿದ್ದಳು, ನಾನು ಅವಳ ಬಾಯನ್ನೇ ನೋಡುತ್ತ ನಿಂತಿದ್ದೆ. ಮೂರನೇ ಸಲ ಅವಳ ಹೆಗಲು ಸಡಿಲವಾಯಿತು. ಎತ್ತಿದ್ದ. ನನ್ನ ಉಸಿರು ಹೊರಬಂತು.

ಆಮೇಲೆ ಅವಳು ತಮ್ಮನ ಫೋನ್ ಎತ್ತಿದವರನ್ನು ಕೇಳಿದಳು: “ನೀವ್ಯಾರು?”

ಇದನ್ನು ತಪ್ಪಾಗಿ ಓದಲು ಸಾಧ್ಯವಿರಲಿಲ್ಲ.

ಅವಳು ಗೋಡೆಯ ಕಡೆ ತಿರುಗಿಕೊಂಡಳು. ಬೆನ್ನಿಗೆ ತುಟಿಯಿಲ್ಲ. ನಾನು ಅಂಗೈಯನ್ನು ಬೆಂಚಿನ ಮೇಲೆ, ಟ್ರೇಯ ಪಕ್ಕದಲ್ಲಿ ಊರಿ ಕಾದೆ. ಅಂಗೈಗೆ ಒಂದು ಗುದ್ದೂ ಬರಲಿಲ್ಲ.